ತೆಹ್ರಾನಿನ ಹೆಂಗಸಿನ ಎಡಗಾಲು

ನಮ್ಮ ಬೆಟ್ಟದೂರು ವರಂದರ್‌ನಲ್ಲಿ ಕೆಲಸ ಮಾಡುತ್ತಿರುವವರ ಪಕ್ಕದಿಂದ ಬಾಯಿ ಮುಚ್ಚಿಕೊಂಡು ಹಾದುಹೋಗುವವರನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾಡಿನ ಮೇಲಿನ ಹಿಮ ಗೋರುವವನಿರಲಿ, ಹೇಸರಗತ್ತೆಗೆ ಲಾಳ ಹೊಡೆಯುವವನಿರಲಿ, ಏನೂ ಮಾಡದೆ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಮುದುಕನೇ ಇರಲಿ, ಒಂದು ಗಳಿಗೆ ನಿಂತು, ಬಲಗೈಯನ್ನು ಎದೆಯ ಮೇಲಿಟ್ಟು, ತಲೆ ಬಾಗಿಸಿ "ದಣಿವಾಗದಿರ್ಲಿ" ಅನ್ನಬೇಕು. ತೆಹ್ರಾನಿನಿಂದ ಸ್ಕೀ ಆಡಲು ಬರುವ ಮಂದಿ ಅನ್ನುವುದಿಲ್ಲ. ಅವರಿಗೆ ಅವಸರ, ಹೋಗಲಿ ಪಾಪ. ಗೋಲಂದಾಮ್ ಮಾತ್ರ ಈ ವಿಷಯದಲ್ಲಿ ಇಡೀ ಊರಿಗಿಂತ ಒಂದು ಕೈ ಮೇಲು. ದಾರಿಗೆ ಅಡ್ಡ ಬಂದ ಮೇಕೆಗೂ ಅವಳು ಹಾಗನ್ನುತ್ತಾಳೆಂದು ಊರವರು ಆಡಿಕೊಳ್ಳುತ್ತಾರೆ. ಅದೇನೂ ಪೂರ್ತಿ ಸುಳ್ಳಲ್ಲ.

ಅವಳ ಚಹಾದಂಗಡಿ ಇರುವುದು ಸ್ಕೀ ಬೆಟ್ಟದ ಬುಡದಲ್ಲಿ, ಲಿಫ್ಟಿನ ಕುರ್ಚಿಗಳು ತಂತಿಗೆ ಜೋತುಬಿದ್ದು ಮೇಲಕ್ಕೆ ಹೊರಡುವ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ. ಮೂವತ್ತೊಂದು ಚಳಿಗಾಲ ಅಲ್ಲಿ ದಿನಕ್ಕೊಂದು ಹಂಡೆ ಆಶ್ ಎಂಬ ಗಟ್ಟಿ ಸೂಪು ಕುದಿದಿದೆ. ಕಡಲೆ, ರಾಜ್ಮಾ, ತೋಳು ತುಂಬ ಸೊಪ್ಪು, ಕೈಯಲ್ಲೇ ಕತ್ತರಿಸಿದ ಶಾವಿಗೆ, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಹಿಮದಲ್ಲಿ ಬಿದ್ದೆದ್ದು, ಮೂಗು ಸುರಿಸಿಕೊಂಡು ಬಂದವರೆಲ್ಲ ಅವಳ ಬಟ್ಟಲು ಕೈಗೆ ಬಂದ ಮೇಲೆಯೇ ಮತ್ತೆ ಮನುಷ್ಯರಂತೆ ಮಾತಾಡುವುದು. ಯಾರು ಹೆದರಿ ಇಳಿದರು, ಯಾರು ಹೆದರಿಲ್ಲವೆಂದು ಸುಳ್ಳು ಹೇಳುತ್ತಿದ್ದಾರೆ ಎನ್ನುವುದು ಅವರು ಚಮಚ ಹಿಡಿಯುವ ರೀತಿಯಲ್ಲೇ ಅವಳಿಗೆ ಗೊತ್ತಾಗುತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ಐವತ್ತೊಂದು ತುಂಬುವವರೆಗೆ ಅವಳು ಒಂದು ದಿನವೂ ಕಾಲಿಗೆ ಸ್ಕೀ ಕಟ್ಟಿರಲಿಲ್ಲ. ಅದೂ ಯಾರ ಹೆಂಡತಿ? ಈ ಕಣಿವೆಯ ಅರ್ಧ ಜನಕ್ಕೆ ಸ್ಕೀ ಕಲಿಸಿದ ಉಸ್ತಾದ್ ಯದುಲ್ಲಾನ ಹೆಂಡತಿ.

ಅದಕ್ಕೊಂದು ಹಳೆಯ ಕತೆ ಇದೆ. ಮದುವೆಯಾದ ಮೊದಲ ಚಳಿಗಾಲದಲ್ಲಿ ಯದುಲ್ಲಾ ಅವಳ ಎತ್ತರಕ್ಕೆ ಸರಿಯಾಗಿ ಒಂದು ಜೊತೆ ಸ್ಕೀ ಮಾಡಿದ್ದ. ಅಕ್ರೋಟಿನ ಮರವನ್ನು ತಾನೇ ಕೊಯ್ದು, ತುದಿಯನ್ನು ಅವಳದೇ ಹಂಡೆಯ ಹಬೆಗೆ ಹಿಡಿದು ಬಗ್ಗಿಸಿ, ಕುರಿಕೊಬ್ಬು ತಿಕ್ಕಿ ಮಿರುಗುವ ಹಾಗೆ ಮಾಡಿ ಅಂಗಡಿಗೆ ತಂದು, ಗಿರಾಕಿಗಳೆಲ್ಲ ನೋಡುತ್ತಿದ್ದಂತೆ, "ಬಾ, ಕಲಿಸ್ತೀನಿ" ಅಂದ. ಇಪ್ಪತ್ತರ ಹುಡುಗಿಯ ಮುಖ ಕೆಂಡವಾಯಿತು. "ಅಯ್ಯೋ, ಬೇಡಪ್ಪಾ. ನನಗೆ ನೆಲವೇ ಸಾಕು" ಎಂದು ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಗಿರಾಕಿಗಳೂ ನಕ್ಕರು. ಯದುಲ್ಲಾ ಸ್ಕೀ ಎತ್ತಿಕೊಂಡು ಹೊರಟುಹೋದ. ಆ ಸಂಜೆ ಹಂಡೆ ಉಜ್ಜುತ್ತ ಅವಳು ಎರಡು ಸಲ ಬಾಗಿಲ ಕಡೆ ನೋಡಿದಳು. ಅವನು ಆಮೇಲೆ ಎಂದೂ ಕೇಳಲಿಲ್ಲ. ಆ ಸ್ಕೀಗಳು ಉಗ್ರಾಣದಲ್ಲಿ ಎರಡು ಮೊಳೆಗಳ ಮೇಲೆ ಕೂತು, ಕ್ರಮೇಣ ಉಪ್ಪಿನಕಾಯಿ ಭರಣಿ ಇಡುವ ಹಲಗೆಗಳಾದವು.

ಯದುಲ್ಲಾನ ಕಣ್ಣು ಹೋಗತೊಡಗಿದ್ದು ಎರಡು ವರ್ಷದ ಹಿಂದೆ. ಮೊದಲು ದೂರದ ಕಂಬಗಳು ಮಸುಕಾದವು, ಆಮೇಲೆ ಹತ್ತಿರದ ಮುಖಗಳು. ತೆಹ್ರಾನಿನ ಡಾಕ್ಟರು ದೀಪ ಬಿಟ್ಟು ಬಿಟ್ಟು ನೋಡಿ, ಇನ್ನೊಂದು ಚಳಿಗಾಲದ ಹೊತ್ತಿಗೆ ಬೆಳಕು ಕತ್ತಲೆ ಬಿಟ್ಟರೆ ಇನ್ನೇನೂ ಉಳಿಯದು ಎಂದರು. "ಹೇಗೆ ಕಾಣುತ್ತೆ?" ಎಂದು ಯಾರಾದರೂ ಕೇಳಿದರೆ ಅವನು, "ಎಲ್ಲ ಕಡೆ ಹಿಮ ಬಿದ್ದಿದೆ, ಅಷ್ಟೇ. ನಿಮ್ಮ ಮುಖದ ಮೇಲೂ" ಎನ್ನುತ್ತಿದ್ದ. ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಚಹಾ ಕುಡಿದು ಎದ್ದುಹೋಗುತ್ತಿದ್ದರು.

ಈ ಚಳಿಗಾಲದ ನಡುವೆ, ಬಹ್ಮನ್ ತಿಂಗಳಲ್ಲಿ, ಇನ್ನೂ ಯಾರೂ ಬರುವ ಮುಂಚೆ, ಅವನೊಬ್ಬನೇ ಲಿಫ್ಟ್ ಹತ್ತಿ ಮೇಲೆ ಹೋದ. ಲಿಫ್ಟ್ ನೋಡಿಕೊಳ್ಳುವ ಸತ್ತಾರ್ ತಡೆಯಲಿಲ್ಲ. ತನಗೆ ಹಿಮದ ಮೇಲೆ ನಿಲ್ಲುವುದನ್ನು ಕಲಿಸಿದವನಿಗೆ ಹೋಗಬೇಡ ಎನ್ನಲು ಯಾವ ಬಾಯಿ ಬರುತ್ತದೆ? ಅರ್ಧ ಗಂಟೆಯ ಮೇಲೆ ಉಸ್ತಾದ್ ಸಿಕ್ಕಿದ್ದು ಎಂಟನೇ ಕಂಬವನ್ನು ಎರಡು ತೋಳಲ್ಲೂ ತಬ್ಬಿಕೊಂಡು ನಿಂತ ಸ್ಥಿತಿಯಲ್ಲಿ. ಹಣೆ ಸೀಳಿತ್ತು, ಗಡ್ಡದ ತುಂಬ ಹಿಮ. ಕಂಬದಿಂದ ಮೂರು ಮಾರು ಆಚೆ ಪ್ರಪಾತ. ಬೆಟ್ಟದ ಕಚೇರಿಯವರು, ಮುಂದೆ ನಡೆದು ದಾರಿ ತೋರಿಸುವವರು ಒಬ್ಬರಿಲ್ಲದೆ ಇನ್ನು ಉಸ್ತಾದ್ ಲಿಫ್ಟ್ ಹತ್ತುವಂತಿಲ್ಲ ಎಂದುಬಿಟ್ಟರು. ತಪ್ಪೇನೂ ಹೇಳಲಿಲ್ಲ.

ದಾರಿ ತೋರಿಸುವವರಿಗೆ ಬರವಿರಲಿಲ್ಲ. ಅವನ ಶಿಷ್ಯರು ಒಬ್ಬೊಬ್ಬರಾಗಿ ಅಂಗಡಿಗೆ ಬಂದು, ಎದೆಯ ಮೇಲೆ ಕೈಯಿಟ್ಟು, "ನಾವಿಲ್ವಾ ಉಸ್ತಾದ್? ನಮ್ಮ ಕಣ್ಣು ನಿಮ್ಮದೇ" ಎಂದರು. ನಮ್ಮೂರಲ್ಲಿ ಯಾವ ಮಾತಿಗೂ ಒಂದೇ ಸಲಕ್ಕೆ ಹೂಂ ಅನ್ನುವ ಪದ್ಧತಿಯಿಲ್ಲ. ಒಂದು ಲೋಟ ಚಹಾ ಕೊಟ್ಟರೂ ಬೇಡ, ಬೇಡ ಎಂದು ಎರಡು ಸಲ ಹೇಳಿ, ಮೂರನೆಯ ಸಲ ಕೊಡುವವರ ಮಾತು ಮೀರಲಾರದವರ ಹಾಗೆ ತೆಗೆದುಕೊಳ್ಳಬೇಕು. ಹಾಗಾಗಿ ಶಿಷ್ಯರು ಮೂರು ಸಲ ಕೇಳಿದರು. ಯದುಲ್ಲಾ ಮೂರು ಸಲವೂ ಬೇಡವೆಂದ. ಅವನ ಬೇಡ ಬೇಡವೇ. "ಯಾರಿಗೆ ಕಾಲಿಡೋದು ಕಲ್ಸಿದ್ನೋ ಅವರ ಬೆನ್ನು ಹಿಡ್ಕೊಂಡು ಇಳೀಬೇಕಾ ನಾನು?" ಎಂದು ಅವರೆಲ್ಲ ಹೋದ ಮೇಲೆ ಹೆಂಡತಿಗೆ ಹೇಳಿದ. ಆಮೇಲೆ ದಿನವಿಡೀ ಚಹಾ ಕಾಯಿಸುವ ಸಮೋವರಿನ ಪಕ್ಕದಲ್ಲಿ, ಬೆಟ್ಟದ ಕಡೆ ಮುಖ ಮಾಡಿ ಕೂತಿರತೊಡಗಿದ. ಬಟ್ಟಲಿನ ಆಶ್ ಅರ್ಧಕ್ಕೇ ಆರುತ್ತಿತ್ತು. ಒಂದು ಬೆಳಿಗ್ಗೆ ಗೋಲಂದಾಮ್ ನೋಡುತ್ತಾಳೆ, ಬೀಗ ಹಾಕಿಟ್ಟಿದ್ದ ಅವನ ಬೂಟುಗಳು ಬಾಗಿಲ ಬಳಿ ಇವೆ, ಹೊಸದಾಗಿ ಎಣ್ಣೆ ಹಚ್ಚಿಸಿಕೊಂಡು.

ಚಳಿಗಾಲದ ಕೊನೆಯ ತಿಂಗಳು ಇಸ್ಫಂದ್ ಮುಗಿಯುವ ಹೊತ್ತಿಗೆ ಲಿಫ್ಟ್ ನಿಲ್ಲುತ್ತದೆ. ಅಷ್ಟರೊಳಗೆ ಯಾರಾದರೂ ಅವನನ್ನು ಒಂದು ಸಲ ಮೇಲಿನಿಂದ ಕರೆತರದಿದ್ದರೆ ಅವನು ಮತ್ತೆ ಒಬ್ಬನೇ ಹೋಗುತ್ತಾನೆ, ಈ ಸಲ ಕಂಬ ಸಿಗುತ್ತದೆಂದು ಏನು ಭರವಸೆ? ಅವನು ಯಾರಿಗೆ ಸ್ಕೀ ಕಲಿಸಿಲ್ಲ ಎಂದು ಯೋಚಿಸುತ್ತ ಹೋದಳು. ಊರಲ್ಲಿ ಅಂಥವರು ಬಹಳ ಮಂದಿ ಇರಲಿಲ್ಲ. ಕಡೆಗೆ ಹಂಡೆಯೊಳಗೆ ಸೌಟು ಆಡಿಸುತ್ತ ನಿಂತ ತಾನೇ ಉಳಿದಳು.

ಯದುಲ್ಲಾನ ತಮ್ಮನ ಮಗಳು ಹೆಂಗಾಮೆ ಬೆಟ್ಟದಲ್ಲಿ ಸ್ಕೀ ಕಲಿಸುವ ಕೆಲಸದಲ್ಲಿದ್ದಳು. ಗೋಲಂದಾಮ್ ವಿಷಯ ತಿಳಿಸಿದಾಗ ಹುಡುಗಿ ಮೊದಲು ನಕ್ಕಳು, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದಳು.

"ಐದು ವಾರ ಇದೆ ದೊಡ್ಡಮ್ಮ. ಮಕ್ಕಳಾದ್ರೆ ಐದು ದಿನ ಸಾಕು. ನಿಮ್ಗೆ..."

"ನಂಗೆ ಐದು ವಾರ ಸಾಕು. ಬೇರೆ ದಾರಿ ಇಲ್ವಲ್ಲ."

"ದೊಡ್ಡಪ್ಪಂಗೆ ಹೇಳ್ಲಾ?"

"ಹೇಳಿದ್ರೆ ನೋಡು! ಕಾದು ಕೂತ್ಕೋತಾರೆ. ಆಮೇಲೆ ನಂಗೆ ಬರ್ಲಿಲ್ಲ ಅಂದ್ರೆ ಅವರ ಮುಖ ಹೇಗೆ ನೋಡ್ಲಿ?"

ಹೀಗೆ ಶುರುವಾಯಿತು. ಬೆಳಗಿನ ಗಿರಾಕಿಗಳು ಬರುವ ಮುಂಚೆ, ಗಂಡನ ಹಳೆಯ ಕೋಟು ತೊಟ್ಟು, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ, ತಲೆವಸ್ತ್ರವನ್ನು ಗದ್ದದ ಕೆಳಗೆ ಬಿಗಿದು ಗೋಲಂದಾಮ್ ಅಂಗಡಿಯ ಪಕ್ಕದ ಮಕ್ಕಳ ಇಳಿಜಾರಿಗೆ ಹೋಗಿ ನಿಲ್ಲುತ್ತಿದ್ದಳು. ಬೂಟು ಕಾಲನ್ನು ಕಲ್ಲಿನಲ್ಲಿ ಹೂತ ಹಾಗೆ ಹಿಡಿಯುತ್ತಿತ್ತು. ಹೆಂಗಾಮೆ ತಂದುಕೊಟ್ಟ ಸ್ಕೀಗಳು ಹೇಳಿದ ಕಡೆ ಬಿಟ್ಟು ಮಿಕ್ಕೆಲ್ಲ ಕಡೆ ಹೋಗುತ್ತಿದ್ದವು. ತುದಿಗಳನ್ನು ಮುಂದೆ ಕೂಡಿಸಿ, ಹಿಂದೆ ಅಗಲಿಸಿ, ಗುಡಾರದ ಹಾಗೆ ಮಾಡಿದರೆ ವೇಗ ತಗ್ಗುತ್ತದೆ ಎಂದು ಹೆಂಗಾಮೆ ತೋರಿಸಿಕೊಟ್ಟಳು. ಅದು ಎರಡು ದಿನದಲ್ಲಿ ಬಂತು. ತೊಂದರೆ ಅದಲ್ಲ. ತೊಂದರೆ ಅವಳ ಮರ್ಯಾದೆಯದು.

ಇಳಿಜಾರಿನ ಕೊನೆಗೆ ಮಶ್ತಿ ಕುರ್ಬಾನ್ ಕೂತಿರುತ್ತಿದ್ದ. ಎಂಬತ್ತಾರು ವರ್ಷದ ಮುದುಕ, ಹರೆಯದಲ್ಲಿ ಕಾಲ್ನಡಿಗೆಯಲ್ಲಿ ಮಶ್‌ಹದ್‌ಗೆ ಯಾತ್ರೆ ಹೋಗಿ ಬಂದು ಮಶ್ತಿ ಎನಿಸಿಕೊಂಡವನು. ಗೋಲಂದಾಮ್ ಚೆನ್ನಾಗಿಯೇ ಇಳಿದುಬರುವಳು. ಮುದುಕನ ಸಮಕ್ಕೆ ಬಂದದ್ದೇ ತಡ, ಬಲಗೈ ಕೋಲು ಬಿಟ್ಟು ತಾನಾಗಿ ಎದೆಗೆ ಏರುವುದು, ತಲೆ ಅವನ ಕಡೆ ಬಾಗುವುದು, ಸ್ಕೀಗಳೂ ಅವನ ಕಡೆಗೇ ತಿರುಗುವುವು.

"ದೊಡ್ಡಮ್ಮಾ, ಮುಂದೆ ನೋಡಿ! ಮಶ್ತಿ ತಾತನ್ನಲ್ಲ, ಮುಂದೆ!"

"ಕೂತಿದ್ದಾರಲ್ಲೇ! ಮಾತಾಡಿಸ್ದೆ ಹೋದ್ರೆ ಏನಂದ್ಕೋತಾರೆ?"

"ಮಡಿಲಿಗೆ ಹೋಗಿ ಬಿದ್ರೆ ಏನಂದ್ಕೋತಾರೆ?"

ಮಶ್ತಿ ಕುರ್ಬಾನ್ ತನ್ನ ಮೊಣಕಾಲಿನ ಮೇಲಿನಿಂದ ಹಿಮ ಒರೆಸಿಕೊಂಡು, "ಈ ವಯಸ್ಸಲ್ಲಿ ಹೆಂಗಸೊಬ್ಬಳು ದಿನಾ ಬಂದು ನನ್ನ ಕಾಲಿಗೆ ಬೀಳ್ತಾಳೆ. ಇನ್ನೇನು ಬೇಕು ನಂಗೆ? ನಿಂಗೂ ದಣಿವಾಗದಿರ್ಲಿ ತಾಯಿ" ಎಂದ.

ಸ್ಕೀ ಕಾಲಲ್ಲಿರುವಷ್ಟು ಹೊತ್ತು ಯಾರನ್ನೂ ಮಾತಾಡಿಸಕೂಡದು ಎಂದು ಹೆಂಗಾಮೆ ಕಟ್ಟಪ್ಪಣೆ ಮಾಡಿದಳು. ಗೋಲಂದಾಮ್ ತುಟಿ ಬಿಗಿಹಿಡಿದು ಇಳಿದಳು. ಅದು ಅವಳಿಗೆ ಬೀಳುವುದಕ್ಕಿಂತ ದೊಡ್ಡ ಶಿಕ್ಷೆ. ಪಾಠ ಮುಗಿದದ್ದೇ ತಡ, ಬೂಟು ಕಳಚಿ, ಮಾತಾಡಿಸದೆ ದಾಟಿ ಬಂದವರನ್ನೆಲ್ಲ ಹುಡುಕಿಕೊಂಡು ಹೋಗಿ, ಎದೆಯ ಮೇಲೆ ಕೈಯಿಟ್ಟು, ಬಾಕಿ ಉಳಿದ "ದಣಿವಾಗದಿರ್ಲಿ"ಗಳನ್ನು ಹೇಳಿ ಬರುತ್ತಿದ್ದಳು. ಹಂಡೆ ಒಲೆಗೇರುವುದು ದಿನವೂ ತಡವಾಯಿತು.

ನಾಲ್ಕನೆಯ ದಿನ ಯದುಲ್ಲಾ ಸಮೋವರಿನ ಪಕ್ಕದಿಂದ ಕೇಳಿದ:

"ಬೆಳಿಗ್ಗೆ ಮಕ್ಕಳ ಇಳಿಜಾರಲ್ಲಿ ಯಾರೋ ಕಲೀತಿದಾರಲ್ಲ, ಯಾರದು?"

ಗೋಲಂದಾಮ್ ಕೈಯ ಸೌಟು ನಿಂತಿತು. "ಯಾರೋ ತೆಹ್ರಾನಿನ ಹೆಂಗ್ಸು. ವಯಸ್ಸಾದವಳು. ಹೆಂಗಾಮೆ ಹತ್ರ ಬರ್ತಾಳೆ."

"ಹೂಂ." ಅವನು ಸಕ್ಕರೆ ತುಂಡನ್ನು ಹಲ್ಲಿನ ನಡುವೆ ಕಚ್ಚಿ ಚಹಾ ಹೀರಿದ. "ಆಕೆಯ ಎಡಗಾಲಿಗೆ ಭಯ ಜಾಸ್ತಿ. ಬಲಗಡೆ ಸ್ಕೀ ಸುಯ್ ಅಂತ ಹೋಗುತ್ತೆ, ಎಡಗಡೆದು ಕರ್ ಕರ್ ಅಂತ ಅಳುತ್ತೆ. ಎಡಗಾಲಿನ ಮೇಲೆ ನಂಬಿಕೆ ಇಟ್ಟು ನಿಂತ್ಕೋ ಅಂತ ಹೇಳು."

"ನಾನ್ಯಾಕ್ರೀ ಹೇಳ್ಲಿ? ಕಲಿಸೋಕೆ ಹೆಂಗಾಮೆ ಇಲ್ವಾ?"

"ಹೆಂಗಾಮೆ ಕಣ್ಣಲ್ಲಿ ನೋಡ್ತಾಳೆ, ಅವಳಿಗೆ ಇದೆಲ್ಲ ಕೇಳ್ಸಲ್ಲ. ಆ ಹೆಂಗ್ಸು ಆಶ್ ಕುಡಿಯೋಕೆ ಬಂದಾಗ ಹೇಳು."

ಮರುದಿನ ಗೋಲಂದಾಮ್ ಎಡಗಾಲಿನ ಮೇಲೆ ನಿಂತಳು. ನಿಂತ ಕೂಡಲೇ, ಇಷ್ಟು ದಿನ ಜಗಳವಾಡುತ್ತಿದ್ದ ಸ್ಕೀ ಮಾತು ಕೇಳಿ ತಿರುಗಿತು.

ಅಂದಿನಿಂದ ಬೆಳಿಗ್ಗೆ ಹೆಂಗಾಮೆಯ ಪಾಠ, ಮಧ್ಯಾಹ್ನ ತೆಹ್ರಾನಿನ ಹೆಂಗಸಿನ ಸುದ್ದಿ. "ಆಕೆ ಉಸಿರು ಹಿಡ್ಕೊಂಡು ಇಳೀತಾಳೆ. ಉಸಿರು ಬಿಡು ಅನ್ನು." "ಇವತ್ತು ಹಿಮ ಹಿಟ್ಟಿನ ಹಾಗಿದೆ, ಹಿಂದಕ್ಕೆ ವಾಲಬೇಡ ಅನ್ನು. ಬೆಟ್ಟಕ್ಕೆ ಬೆನ್ನು ಕೊಟ್ಟು ಕೂರೋಕೆ ಅದೇನು ಸೋಫಾನಾ?" ಗೋಲಂದಾಮ್ ಎಲ್ಲವನ್ನೂ ಕಿವಿಗೊಟ್ಟು ಕೇಳಿ, "ಆ ಹೆಂಗ್ಸಿಗೆ ನೆನಪಿದ್ರೆ ಪುಣ್ಯ" ಎನ್ನುತ್ತಿದ್ದಳು. ಅವನ ಬಟ್ಟಲು ತಳದವರೆಗೆ ಖಾಲಿಯಾಗತೊಡಗಿದ್ದನ್ನು ಅವಳು ಗಮನಿಸಿದಳು.

"ಇವತ್ತು ಆಕೆ ಒಂದೇ ಸಲ ಬಿದ್ಲು" ಎಂದ ಒಂದು ದಿನ.

"ಇಲ್ಲಾರೀ, ಎರಡು ಸಲ."

"ಹೌದಾ? ನಂಗೆ ಒಂದೇ ಕೇಳ್ಸಿದ್ದು."

"ಎರಡನೇದು ಮೆತ್ತಗೆ ಬಿದ್ದಿದ್ದು, ಸೊಂಟಕ್ಕೆ ಏನೂ ಆಗ್ಲಿಲ್ಲ" ಎಂದುಬಿಟ್ಟು ಗೋಲಂದಾಮ್ ನಾಲಿಗೆ ಕಚ್ಚಿಕೊಂಡಳು. ಯದುಲ್ಲಾ ಲೋಟದೊಳಗೆ ಮುಖವಿಟ್ಟು ಬಹಳ ಹೊತ್ತು ಚಹಾ ಕುಡಿದ. ಲೋಟ ಆಗಲೇ ಖಾಲಿಯಾಗಿತ್ತು.

ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಮಂಜು ಕವಿದಿತ್ತು. ಹೆಂಗಾಮೆ ಎಲ್ಲೋ ಕೆಳಗಿದ್ದಳು, ದನಿ ಮಾತ್ರ ಇತ್ತು, ಆಮೇಲೆ ಅದೂ ಇಲ್ಲ. ಗೋಲಂದಾಮ್ ಉಸಿರು ಬಿಟ್ಟು ಜಾರಿದಳು. ಇದ್ದಕ್ಕಿದ್ದಂತೆ ಕಾಲುಗಳು ತನ್ನವಲ್ಲವೆನಿಸಿತು, ಭಾರವೂ ತನ್ನದಲ್ಲ. ತಾನು ಇಳಿಯುತ್ತಿದ್ದಾಳೋ, ಬೆಟ್ಟವೇ ತನ್ನೊಳಗಿಂದ ಮೇಲಕ್ಕೆ ಹೋಗುತ್ತಿದೆಯೋ ತಿಳಿಯಲಿಲ್ಲ. ಮೇಲೆ ಬಿಳಿ, ಕೆಳಗೆ ಬಿಳಿ, ನಡುವೆ ಗೆರೆಯೇ ಇಲ್ಲ. ಚಿಕ್ಕವಳಿದ್ದಾಗ, ಬೇಸಿಗೆಯ ಹುಲ್ಲುಗಾವಲಿಗೆ ಹೋಗುವ ದಾರಿಯಲ್ಲಿ, ಹೇಸರಗತ್ತೆಯ ಬೆನ್ನ ಮೇಲೆ ಅಮ್ಮನ ಎದೆಗೊರಗಿ ನಿದ್ದೆಯೋ ಎಚ್ಚರವೋ ಎಂಬ ಹಾಗೆ ತೂಗಿಕೊಂಡು ಹೋಗುತ್ತಿದ್ದ ನೆನಪು ಬಂತು. ಇಷ್ಟು ಸುಖ ಇಲ್ಲಿ, ತನ್ನ ಅಂಗಡಿಯಿಂದ ಕೂಗಳತೆಯ ದೂರದಲ್ಲಿ ಇತ್ತೆಂದು ಮೂವತ್ತೊಂದು ವರ್ಷ ತನಗೆ ಗೊತ್ತೇ ಆಗಲಿಲ್ಲವಲ್ಲ ಎನಿಸಿತು. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಅದರ ಬೆನ್ನಿಗೇ ಇನ್ನೊಂದು ತಿಳಿಯಿತು. ಗಂಡ ಕಾಣುತ್ತಿರುವುದು ಇದೇ. ದಿನವಿಡೀ ಅವರು ಇದರೊಳಗೇ ಕೂತಿರುತ್ತಾರೆ, ಜಾರುವುದೊಂದು ಇಲ್ಲ ಅಷ್ಟೇ.

ಇಸ್ಫಂದ್ ಮುಗಿಯಲು ಆರು ದಿನವಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಯದುಲ್ಲಾ ಗಂಟಲು ಸರಿಮಾಡಿಕೊಂಡ.

"ಆ ತೆಹ್ರಾನಿನ ಹೆಂಗ್ಸಿಗೆ ಒಂದು ಮಾತು ಹೇಳ್ಬೇಕಿತ್ತು."

"ಏನಂತೆ? ಮತ್ತೆ ಎಡಗಾಲಾ?"

"ಎಡಗಾಲು ಈಗ ಚೆನ್ನಾಗಿದೆ. ಲಿಫ್ಟ್ ನಿಲ್ಲೋ ಮುಂಚೆ ಆಕೆ ಹಿಂದೆ ಒಂದು ಸಲ ಇಳಿಯೋ ಆಸೆ ಇದೆ ನಂಗೆ. ಆಕೆಗೆ ನಾನು ಕಲ್ಸಿಲ್ವಲ್ಲ, ಹಾಗಾಗಿ ಮಾನ ಹೋಗೋದೇನಿಲ್ಲ." ಅವನು ಲೋಟ ಕೆಳಗಿಟ್ಟ. "ಆಕೆ ಮಶ್ತಿ ಕುರ್ಬಾನ್ ಕಾಲಿಗೆ ಬಿದ್ದ ದಿನಾನೇ ನಂಗೆ ಗೊತ್ತಾಯ್ತು ಮಾರಾಯ್ತಿ. ತೆಹ್ರಾನಿನವರು ಯಾರು ಮುದುಕರನ್ನ ಮಾತಾಡಿಸೋಕೆ ಹೋಗಿ ಬೀಳ್ತಾರೆ?"

ಗೋಲಂದಾಮ್ ಹುರಿಯುತ್ತಿದ್ದ ಈರುಳ್ಳಿ ಸೀದು ಹೋಯಿತು.

ಎರಡು ದಿನದ ಮೇಲೆ ಹೊರಟರು. ಬೆಟ್ಟದ ಕಚೇರಿಯವರ ಹತ್ತಿರ ಹೆಂಗಾಮೆ ಜಗಳವಾಡಿ ಒಪ್ಪಿಗೆ ತಂದಿದ್ದಳು: ಕಡಿದಾದ ಇಳಿಜಾರು ಬೇಡ, ಬಳಸಿ ಬರುವ ಹಳೆಯ ಹೇಸರಗತ್ತೆ ಹಾದಿ ಮಾತ್ರ, ಮುಂದೆ ಗೋಲಂದಾಮ್, ನಡುವೆ ಉಸ್ತಾದ್, ಹಿಂದೆ ತಾನು. ಸದ್ದು ಕೇಳಿಕೊಂಡು ಅವನು ಹಿಂಬಾಲಿಸಲೆಂದು ದೊಡ್ಡಮ್ಮನ ಸೊಂಟಕ್ಕೆ ಕುರಿಗಂಟೆ ಕಟ್ಟಿದಳು.

ಗಂಡ ಹೆಂಡತಿ ಒಂದೇ ಕುರ್ಚಿಯಲ್ಲಿ ಕೂತು ಮೇಲಕ್ಕೆ ಹೋದರು. ಐದು ಕಂಬ ದಾಟುವಷ್ಟರಲ್ಲಿ ಅಂಗಡಿ, ಊರು, ಮಶ್ತಿ ಕುರ್ಬಾನ್ ಎಲ್ಲ ಮಂಜಿನಲ್ಲಿ ಮುಳುಗಿದವು. ತಂತಿಯ ಮಂದವಾದ ಗುಂಯ್ ಬಿಟ್ಟರೆ ಲೋಕದಲ್ಲಿ ಇನ್ನೊಂದು ಸದ್ದಿರಲಿಲ್ಲ. ಸ್ಕೀ ಕಟ್ಟಿದ ಕಾಲುಗಳು ಶೂನ್ಯದಲ್ಲಿ ತೂಗುತ್ತಿದ್ದವು. ಇಷ್ಟು ಹೊತ್ತು ಜೊತೆಗೆ, ಸುಮ್ಮನೆ, ಏನೂ ಕೆಲಸವಿಲ್ಲದೆ ಕೂತು ಎಷ್ಟು ವರ್ಷವಾಯಿತೋ ಅವಳಿಗೆ ಲೆಕ್ಕ ಸಿಗಲಿಲ್ಲ.

"ಒಂದು ಕೇಳ್ಲಾ?" ಎಂದಳು. "ಆವತ್ತು ಸ್ಕೀ ಮಾಡ್ಕೊಂಡು ತಂದ್ರಲ್ಲ. ಒಂದೇ ಸಲ ಯಾಕೆ ಕೇಳಿದ್ರಿ?"

"ನೀನು ಬೇಡ ಅಂದ್ಯಲ್ಲ."

"ಒಂದೇ ಸಲ ಕೇಳಿದ್ರೆ ಯಾವ ಹೆಂಗ್ಸು ಹೂಂ ಅಂತಾಳೆ? ಅದೂ ಅಷ್ಟು ಜನದ ಮುಂದೆ? ಚಹಾಕ್ಕೇ ಮೂರು ಸಲ ಹೇಳಿಸ್ಕೋತೀವಿ. ನಾನು ಆವತ್ತು ಸಂಜೆವರೆಗೂ ಕಾದೆ. ಮಾರನೇ ದಿನಾನೂ ಕಾದೆ. ನೀವು ಅದರ ಮೇಲೆ ಉಪ್ಪಿನಕಾಯಿ ಇಡೋಕೆ ಬಿಟ್ರಿ."

ಎರಡು ಕಂಬಗಳು ದಾಟಿದವು.

"ಬೆಟ್ಟದಲ್ಲಿ ಬೆಳೆದವನು ನಾನು" ಎಂದ ಯದುಲ್ಲಾ ಕಡೆಗೆ. "ಬೆಟ್ಟ ಬೇಡ ಅಂದ್ರೆ ಹಿಂದಿರುಗಿ ಬರ್ಬೇಕು, ಇನ್ನೊಂದು ಸಲ ಕೇಳ್ಬಾರ್ದು. ಕೇಳಿದವರು ಹಿಮದಡಿಗೆ ಹೋದ್ರು. ನಂಗೆ ಅದೊಂದೇ ಗೊತ್ತಿತ್ತು." ಆಮೇಲೆ ಮೆಲ್ಲಗೆ, "ನೀನು ಬೆಟ್ಟ ಅಲ್ಲ ಅಂತ ಯಾರೂ ಹೇಳ್ಲಿಲ್ಲ" ಎಂದ.

ಗೋಲಂದಾಮ್ ಅವನ ಕೈಯನ್ನು ಹುಡುಕಿ ಹಿಡಿದುಕೊಂಡಳು. ಇಬ್ಬರಿಗೂ ದಪ್ಪ ಕೈಗವಸುಗಳಿದ್ದವು.

ಮೇಲಿನ ಹಾದಿ ಶುರುವಾಗುವಲ್ಲಿ ಹಿಮ ಒದ್ದೆಯಾಗಿತ್ತು. ಮೊದಲ ತಿರುವು ಚೆನ್ನಾಗಿ ಬಂತು; ಗಂಟೆ ಕಿಣಿಕಿಣಿ ಎನ್ನುತ್ತಿತ್ತು, ಹಿಂದೆ ಅವನ ಸ್ಕೀಗಳ ಹಗುರವಾದ ಸದ್ದು. ಎರಡನೆಯ ತಿರುವಿನಲ್ಲಿ ಅವಳು ಹಿಂದೆ ತಿರುಗಿ ನೋಡಿದಳು. ನೋಡಬಾರದಿತ್ತು. ಮಗ್ಗುಲಾಗಿ ಬಿದ್ದು, ಉರುಳಿ, ಎದ್ದು ನಿಂತಾಗ ಗಂಟೆಯ ತುಂಬ ಒದ್ದೆ ಹಿಮ ಮೆತ್ತಿಕೊಂಡು ಅದಕ್ಕೆ ನಾಲಿಗೆಯೇ ಇಲ್ಲದಂತಾಗಿತ್ತು. ಬೆರಳಿಂದ ಕೆದಕಿದಳು, ಬರಲಿಲ್ಲ.

"ಗೋಲಂದಾಮ್? ಎಲ್ಲಿದ್ದೀಯ?"

ಮಂಜಿನೊಳಗಿಂದ ಬಂದ ಆ ದನಿಯಲ್ಲಿ ಉಸ್ತಾದ್ ಇರಲಿಲ್ಲ. ಕಂಬ ತಬ್ಬಿಕೊಂಡು ನಿಂತವನ ದನಿ ಅದು. ಎಡಕ್ಕೆ ಅನ್ನಬೇಕೋ ಬಲಕ್ಕೆ ಅನ್ನಬೇಕೋ, ಅವನ ಎಡವೋ ತನ್ನ ಎಡವೋ, ತಲೆಯೊಳಗೆ ಎಲ್ಲ ಕಲಸಿಹೋಯಿತು. "ಇಲ್ಲೇ ಇದೀನಿ" ಎಂದಷ್ಟೇ ಅಂದು ಜಾರತೊಡಗಿದಳು, ನಿಂತರೆ ಅವನು ಬಂದು ಮೇಲೆ ಬೀಳುತ್ತಾನೆಂಬ ಭಯಕ್ಕೆ.

ಆಗ ಮಂಜಿನಲ್ಲಿ ಒಂದು ಆಕಾರ ಕಂಡಿತು. ಬೆಟ್ಟದ ಅರ್ಧದಲ್ಲಿದ್ದ ತನ್ನ ಗುಡಿಸಲಿನ ಮುಂದೆ ಸತ್ತಾರ್ ಲಿಫ್ಟಿನ ಕಂಬಕ್ಕೆ ಹಿಡಿದ ಮಂಜುಗಡ್ಡೆಯನ್ನು ಒಡೆಯುತ್ತಿದ್ದ. ಐದು ವಾರ ಬಿಗಿಹಿಡಿದಿದ್ದ ಅವಳ ಬಾಯಿ ಹೇಳದೆ ಕೇಳದೆ ತೆರೆದುಕೊಂಡಿತು.

"ದಣಿವಾಗದಿರ್ಲಿ ಸತ್ತಾರಣ್ಣಾ!"

ಕೈ ಎದೆಗೇರಲಿಲ್ಲ. ಕೋಲಿನ ಮೇಲೇ ಇತ್ತು.

"ನಿಮಗೂ ದಣಿವಾಗದಿರ್ಲಿ!" ಎಂದ ಸತ್ತಾರ್ ತಬ್ಬಿಬ್ಬಾಗಿ.

"ಸತ್ತಾರನ ಗುಡಿಸ್ಲು!" ಹಿಂದಿನಿಂದ ಯದುಲ್ಲಾ ಕೂಗಿದ. "ಗೊತ್ತಾಯ್ತು, ಗೊತ್ತಾಯ್ತು! ಇಲ್ಲಿಂದ ಬಲಕ್ಕೆ ತಿರುಗುತ್ತೆ ಹಾದಿ. ಮಾತಾಡ್ತಾ ಇರು ಮಾರಾಯ್ತಿ, ನಿಲ್ಲಿಸ್ಬೇಡ!"

ಮಾತಾಡು ಎಂದು ಗೋಲಂದಾಮ್‌ಗೆ ಯಾರಾದರೂ ಎರಡು ಸಲ ಹೇಳಬೇಕೆ? ಅವಳು ಹಾದಿಯ ಪಕ್ಕದ ಜೂನಿಪರ್ ಮರಕ್ಕೆ ದಣಿವಾಗದಿರಲಿ ಎಂದಳು. ಮಡಿಚಿದ ಮೊಣಕಾಲಿನಂಥ ಬಂಡೆಗೆ ಎಂದಳು. ಅದರ ಮೇಲಿದ್ದ ಎರಡು ಕಾಗೆಗಳಿಗೆ ಬೇರೆ ಬೇರೆಯಾಗಿ ಎಂದಳು. ಒಂದೊಂದು ಹೆಸರಿಗೂ ಹಿಂದಿನಿಂದ "ಹಾಂ!" ಎಂಬ ಉತ್ತರ ಬರುತ್ತಿತ್ತು, ನಲವತ್ತು ವರ್ಷ ಇಳಿದ ಹಾದಿ ಅವನ ಕಾಲಿಗೆ ಒಂದೊಂದಾಗಿ ಮರಳಿ ಸಿಗುತ್ತಿತ್ತು. ಅವನ ಸ್ಕೀಗಳು ಈಗ ಅವಳ ಸದ್ದಿನ ಬೆನ್ನಿಗೇ, ಒಂದೇ ಲಯದಲ್ಲಿ ಬರುತ್ತಿದ್ದವು.

"ದಣಿವಾಗದಿರ್ಲಿ ಎಂಟನೇ ಕಂಬ! ಇದನ್ನೇ ಅಲ್ವಾ ನೀವು ತಬ್ಕೊಂಡಿದ್ದು?"

"ಅದೇ! ನಂದೂ ಒಂದು ಹೇಳ್ಬಿಡು!"

ಹಿಂದೆ ಎಲ್ಲೋ ಹೆಂಗಾಮೆ ಬಿದ್ದೂ ಬಿದ್ದೂ ನಗುತ್ತಿದ್ದಳು. ಗೋಲಂದಾಮ್ ನಗಲಿಲ್ಲ. ಬಿಳಿಯೊಳಗಿಂದ ಬಿಳಿಯೊಳಗೆ ಜಾರುತ್ತ, ಇದು ಮುಗಿಯದೇ ಇರಲಿ, ಬುಡ ಇನ್ನೂ ದೂರವಿರಲಿ ಎಂದುಕೊಂಡಳು. ಅವಳ ಭಯ ಹೋಗಿತ್ತು. ಯಾವಾಗ ಹೋಯಿತೆಂದು ಗೊತ್ತಿಲ್ಲ.

ಬುಡ ಬಂದೇ ಬಂತು. ಮಂಜು ಹರಿದು ಅಂಗಡಿಯ ಹೊಗೆ ಕಂಡಿತು. ಅದರ ಮುಂದೆ ಜನ. ಅವಳ ದನಿ ಮೇಲಿನಿಂದ ಬರುತ್ತಿದ್ದುದನ್ನು ಕೇಳಿ ಊರೇ ಹೊರಗೆ ಬಂದು ನಿಂತಿತ್ತು, ಯದುಲ್ಲಾನ ಶಿಷ್ಯರೆಲ್ಲ, ಮಶ್ತಿ ಕುರ್ಬಾನ್ ತನ್ನ ಮಣೆಯಿಂದ ಎದ್ದು. ಇಷ್ಟು ಜನವನ್ನು ಯಾವ ಕ್ರಮದಲ್ಲಿ ಮಾತಾಡಿಸಲಿ ಎಂದು ಅವಳು ಯೋಚಿಸುವಷ್ಟರಲ್ಲಿ ಮುದುಕ ಕೈಯನ್ನು ಎದೆಯ ಮೇಲಿಟ್ಟ. ಉಳಿದವರೂ ಇಟ್ಟರು.

"ದಣಿವಾಗದಿರ್ಲಿ, ಗೋಲಂದಾಮ್!"

ಅವಳ ಜನ್ಮದಲ್ಲಿ ಯಾರೂ ಅವಳಿಗಿಂತ ಮುಂಚೆ ಆ ಮಾತು ಹೇಳಿದ್ದಿಲ್ಲ. ಅದಕ್ಕೆ ಎಡೆಯನ್ನೇ ಅವಳು ಕೊಟ್ಟಿರಲಿಲ್ಲ. ಸ್ಕೀಗಳನ್ನು ಗುಡಾರ ಮಾಡಿ ನಿಂತಳು, ನಿಂತು ಅತ್ತಳು. ಹಿಂದಿನಿಂದ ಯದುಲ್ಲಾನ ಸ್ಕೀ ತುದಿಗಳು ಬಂದು ಅವಳ ಸ್ಕೀಗಳ ಬಾಲವನ್ನು ಮೆಲ್ಲಗೆ ಮುಟ್ಟಿ ನಿಂತವು.

ಅವನ ಮುಖದ ತುಂಬ ನೀರು. ಹಿಮವೋ ಮತ್ತೇನೋ. ಅಷ್ಟೂ ಜನದ ಮುಂದೆ ಅವನು ಕೇಳಿದ:

"ಇನ್ನೊಂದು ಸಲ ಹೋಗೋಣ್ವಾ?"

"ಅಯ್ಯೋ, ಬೇಡಪ್ಪಾ" ಎಂದಳು ಗೋಲಂದಾಮ್, ಕಣ್ಣೊರೆಸಿಕೊಳ್ಳುತ್ತ. "ನನಗೆ ನೆಲವೇ ಸಾಕು."

ಯಾರೋ ನಕ್ಕರು. ಯದುಲ್ಲಾ ಕೋಲುಗಳನ್ನು ಹಿಮಕ್ಕೆ ಊರಿದ. ಹೊರಟುಹೋಗಲು ಅವನ ಭುಜ ತಿರುಗಿದ್ದು ಅವಳಿಗೆ ಕಂಡಿತು. ಆಮೇಲೆ ಅದು ಮತ್ತೆ ಇತ್ತ ತಿರುಗಿತು.

"ಲಿಫ್ಟ್ ಇನ್ನೂ ನಿಂತಿಲ್ಲ. ಹೋಗೋಣ್ವಾ?"

"ಹಂಡೆ ಒಲೆ ಮೇಲಿದೆ ರೀ. ತಳ ಹಿಡಿಯುತ್ತೆ."

ಅವನು ಏನೂ ಕಾಣದ ಕಣ್ಣುಗಳನ್ನು ಅವಳ ದನಿ ಬಂದ ಕಡೆ ನೆಟ್ಟು, ಒಂದೊಂದೇ ಮಾತಾಗಿ, "ಗೋಲಂದಾಮ್, ಬಾ, ಹೋಗೋಣ" ಎಂದ.

ಅವನು ಹೇಳಿ ಮುಗಿಸುವಷ್ಟರಲ್ಲಿ ಅವಳು ಲಿಫ್ಟಿನ ಕಡೆ ತಿರುಗಿಯಾಗಿತ್ತು.

"ಮಶ್ತಿ ತಾತಾ," ಎಂದು ಕೂಗಿದಳು, "ಹಂಡೆ ಸ್ವಲ್ಪ ನೋಡ್ಕೊಳ್ಳಿ!"